ಅಣುಬಾಂಬಿನ ಕಥೆಯಲ್ಲಿ ಬೆಂಗಳೂರಿನ ಪುಟಗಳು

1945ರ ಆಗಸ್ಟ್ 6ರಂದು ಹಿರೋಷಿಮಾ ನಗರದ ಮೇಲೆ ಅಣುಬಾಂಬ್ ಬಿದ್ದಾಗ, ಭಾರತದ ಪರಮಾಣು ಕಾರ್ಯಕ್ರಮದ ತೊಟ್ಟಿಲು ಎನಿಸಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಎರಡು ತಿಂಗಳು ತುಂಬಿತ್ತು. ಆಗ ಅದು ಇದ್ದದ್ದು ಮುಂಬಯಿಯಲ್ಲಿ ಅಲ್ಲ, ಬೆಂಗಳೂರಿನಲ್ಲಿ. ಮಲ್ಲೇಶ್ವರದ ಆಚೆ, ಜನ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಅದೇ ವರ್ಷದ ಜೂನ್ 1ರಂದು ಅದು ಕೆಲಸ ಶುರು ಮಾಡಿತ್ತು. ಡಿಸೆಂಬರ್ ಹೊತ್ತಿಗೆ ಅದು ಮುಂಬಯಿಗೆ ಗಂಟುಮೂಟೆ ಕಟ್ಟಿತು. ಬೆಂಗಳೂರಿನ ಪಾಲಿಗೆ ಉಳಿದದ್ದು ಆರು ತಿಂಗಳ ನೆನಪು ಮಾತ್ರ.

ಅಣುಬಾಂಬ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಅಮೆರಿಕದ ಮರುಭೂಮಿ, ಜಪಾನಿನ ಸುಟ್ಟ ಊರು, ಹೆಚ್ಚೆಂದರೆ ರಾಜಸ್ಥಾನದ ಪೋಖ್ರಾನ್. ಆದರೆ ಈ ಕಥೆಯ ಎಳೆಗಳು ಬೆಂಗಳೂರಿನ ಸುತ್ತಮುತ್ತಲೇ ಹಬ್ಬಿವೆ. ವೈಟ್‌ಫೀಲ್ಡಿನ ಕಡೆಗೆ ಸಾಗುವ ಹಳೆಯ ವಿಮಾನ ನಿಲ್ದಾಣ ರಸ್ತೆ, ಪೀಣ್ಯವನ್ನು ದಾಟಿ ತುಮಕೂರು, ತಿಪಟೂರಿನತ್ತ ಹೋಗುವ ಹೆದ್ದಾರಿ, ಯಲಹಂಕ-ದೊಡ್ಡಬಳ್ಳಾಪುರದ ಮೇಲೆ ಗೌರಿಬಿದನೂರಿಗೆ ಹೋಗುವ ದಾರಿ, ಈ ಮೂರೂ ಈ ಕಥೆಯೊಳಗೆ ಬರುತ್ತವೆ.

ಮೊದಲಿಗೆ ಆ ಯುವಕನ ಮಾತು. ಕೇಂಬ್ರಿಜ್‌ನಲ್ಲಿ ಭೌತವಿಜ್ಞಾನಿಯಾಗಿ ಹೆಸರು ಮಾಡಿದ್ದ ಹೋಮಿ ಜಹಾಂಗೀರ್ ಭಾಭಾ 1939ರಲ್ಲಿ ರಜೆಗೆಂದು ಭಾರತಕ್ಕೆ ಬಂದಿದ್ದರು. ಅಷ್ಟರಲ್ಲಿ ಯೂರೋಪಿನಲ್ಲಿ ಯುದ್ಧ ಶುರುವಾಯಿತು, ಮರಳಿ ಹೋಗಲಾಗಲಿಲ್ಲ. ಸರ್ ಸಿ.ವಿ. ರಾಮನ್ ಇದ್ದ ಬೆಂಗಳೂರಿನ ಸಂಸ್ಥೆಯನ್ನು ಸೇರಿ ಕಾಸ್ಮಿಕ್ ಕಿರಣಗಳ ಅಧ್ಯಯನ ಆರಂಭಿಸಿದರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆಗ ಅಮೆರಿಕದ ವಾಯುಸೇನೆಯ ರಿಪೇರಿ ಡಿಪೋ ಆಗಿತ್ತು. ಬರ್ಮಾ ಮತ್ತು ಚೀನಾದಲ್ಲಿ ಜಪಾನಿನ ವಿರುದ್ಧ ಹಾರುತ್ತಿದ್ದ ವಿಮಾನಗಳನ್ನು ಇಲ್ಲಿ ಬಿಚ್ಚಿ, ಸರಿಪಡಿಸಿ ಕಳಿಸುತ್ತಿದ್ದರು. ಅವೇ ಅಮೆರಿಕನ್ ವಿಮಾನಗಳಲ್ಲಿ ಭಾಭಾ ತಮ್ಮ ಉಪಕರಣಗಳನ್ನು ಮೇಲಕ್ಕೆ ಕಳಿಸಿ ಕಾಸ್ಮಿಕ್ ಕಿರಣಗಳನ್ನು ಅಳೆದರು. ಯುದ್ಧವೂ ವಿಜ್ಞಾನವೂ ಒಂದೇ ವಿಮಾನ ಹತ್ತಿದ್ದವು ಎಂದರೆ ಅತಿಶಯೋಕ್ತಿಯಲ್ಲ.

1944ರ ಮಾರ್ಚ್ 12ರಂದು ಭಾಭಾ ದೊರಾಬ್ಜಿ ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಇನ್ನೆರಡು ದಶಕಗಳಲ್ಲಿ ಪರಮಾಣು ಶಕ್ತಿಯಿಂದ ವಿದ್ಯುತ್ ಉತ್ಪಾದನೆ ಸಾಧ್ಯವಾದಾಗ, ಭಾರತ ತಜ್ಞರಿಗಾಗಿ ಹೊರದೇಶಗಳತ್ತ ನೋಡಬೇಕಾಗಬಾರದು ಎಂಬುದು ಅದರ ಸಾರ. ಇದು ಹಿರೋಷಿಮಾಕ್ಕೂ ಹದಿನೇಳು ತಿಂಗಳ ಹಿಂದಿನ ಮಾತು ಎಂಬುದನ್ನು ಗಮನಿಸಬೇಕು. ಅಮೆರಿಕದಲ್ಲಿ ಬಾಂಬಿನ ಕೆಲಸ ಅತ್ಯಂತ ಗುಟ್ಟಾಗಿ ನಡೆಯುತ್ತಿದ್ದ ಕಾಲವದು. ಪತ್ರದಲ್ಲಿ ಬಾಂಬಿನ ಸುದ್ದಿ ಇರಲಿಲ್ಲ, ವಿದ್ಯುತ್ತಿನ ಕನಸಿತ್ತು.

ಬಾಂಬ್ ಹುಟ್ಟಿದ ಬಗೆ

ಪರಮಾಣುವಿನ ಬೀಜ ಒಡೆಯಬಲ್ಲದು ಎಂದು ಗೊತ್ತಾದದ್ದು 1938ರ ಕೊನೆಯಲ್ಲಿ, ಬರ್ಲಿನ್‌ನಲ್ಲಿ. ಆಟೋ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಮೇಲೆ ನ್ಯೂಟ್ರಾನ್ ಹಾಯಿಸಿದಾಗ ಸಿಕ್ಕ ಫಲಿತಾಂಶದ ಅರ್ಥ ಬಿಡಿಸಿದವರು ಲೀಸ್ ಮೈಟ್ನರ್ ಮತ್ತು ಆಕೆಯ ಸೋದರಳಿಯ ಫ್ರಿಶ್. ಯಹೂದಿ ಮನೆತನದವಳೆಂಬ ಕಾರಣಕ್ಕೆ ಮೈಟ್ನರ್ ಅಷ್ಟರಲ್ಲಾಗಲೇ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ್ದಳು. ಒಂದು ಬೀಜ ಒಡೆದಾಗ ಎರಡು ಮೂರು ನ್ಯೂಟ್ರಾನ್‌ಗಳು ಹೊರಬೀಳುತ್ತವೆ, ಅವು ಮತ್ತೆರಡು ಮೂರು ಬೀಜಗಳನ್ನು ಒಡೆಯುತ್ತವೆ. ಈ ಸರಪಳಿ ಕಣ್ಣೆವೆ ಇಕ್ಕುವುದರೊಳಗೆ ಬೆಳೆದರೆ ಅದೇ ಬಾಂಬ್.

ಹಿಟ್ಲರ್ ಈ ಬಾಂಬನ್ನು ಮೊದಲು ಮಾಡಿಬಿಟ್ಟರೆ? ಈ ಭಯವೇ ಎಲ್ಲದಕ್ಕೂ ಮೂಲ. ಹಂಗೇರಿಯಿಂದ ಬಂದ ವಿಜ್ಞಾನಿ ಲಿಯೋ ಜಿಲಾರ್ಡ್ ಪತ್ರವೊಂದನ್ನು ಸಿದ್ಧಪಡಿಸಿ, 1939ರ ಆಗಸ್ಟ್‌ನಲ್ಲಿ ಐನ್‌ಸ್ಟೈನ್ ಸಹಿಯೊಂದಿಗೆ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಅವರಿಗೆ ತಲುಪುವಂತೆ ಮಾಡಿದರು. ಮುಂದೆ ಅದು ‘ಮ್ಯಾನ್‌ಹಟನ್ ಯೋಜನೆ’ಯಾಗಿ ಬೆಳೆಯಿತು. ಆ ಕಾಲದ ಬೆಲೆಯಲ್ಲೇ ಸುಮಾರು 200 ಕೋಟಿ ಡಾಲರ್ ಖರ್ಚು, ಲಕ್ಷಕ್ಕೂ ಮೀರಿದ ಕೆಲಸಗಾರರು. ಅವರಲ್ಲಿ ಬಹುಪಾಲು ಮಂದಿಗೆ ತಾವು ಏನು ತಯಾರಿಸುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ.

ಇಷ್ಟೆಲ್ಲ ಹಣ ಮತ್ತು ಜನ ಬೇಕಾದದ್ದೇಕೆ? ಪ್ರಕೃತಿಯಲ್ಲಿ ಸಿಗುವ ಯುರೇನಿಯಂನಲ್ಲಿ ಬಾಂಬಿಗೆ ಒದಗುವ ಯು-235 ಎಂಬ ಬಗೆ ನೂರಕ್ಕೆ ಒಂದು ಪಾಲೂ ಇಲ್ಲ, 0.7 ಮಾತ್ರ. ಉಳಿದದ್ದರಿಂದ ಅದನ್ನು ಬೇರ್ಪಡಿಸುವುದು ಅಕ್ಕಿಯಿಂದ ಕಲ್ಲು ಆರಿಸಿದಂತಲ್ಲ. ಎರಡೂ ರಾಸಾಯನಿಕವಾಗಿ ಒಂದೇ; ತೂಕದಲ್ಲಿ ಮಾತ್ರ ಕೂದಲೆಳೆಯ ವ್ಯತ್ಯಾಸ. ಇನ್ನೊಂದು ದಾರಿ ಪ್ಲುಟೋನಿಯಂ. ಅದನ್ನು ರಿಯಾಕ್ಟರಿನಲ್ಲಿ ಉರಿದ ಯುರೇನಿಯಂನಿಂದ ತೆಗೆಯಬೇಕು. ಹಿರೋಷಿಮಾದ ಬಾಂಬ್ ಮೊದಲ ಬಗೆಯದು, ನಾಗಸಾಕಿಯದು ಎರಡನೆಯ ಬಗೆಯದು. ಎರಡನೆಯದರಲ್ಲಿ ಮೂಸಂಬಿ ಗಾತ್ರದ, ಸುಮಾರು ಆರು ಕಿಲೋ ತೂಗುವ ಪ್ಲುಟೋನಿಯಂ ಉಂಡೆಯನ್ನು ಸುತ್ತಲಿನಿಂದ ಮದ್ದು ಸಿಡಿಸಿ ಎಲ್ಲ ಕಡೆಯಿಂದಲೂ ಒಂದೇ ಸಮನೆ ಅಮುಕಬೇಕು. ಈ ವಿಧಾನವನ್ನು ಓದುಗರು ನೆನಪಿಡಬೇಕು. ಮುಂದೆ ಪೋಖ್ರಾನ್‌ನಲ್ಲಿಯೂ ಇದೇ ಬಂತು.

1944ರ ಕೊನೆಯ ವೇಳೆಗೆ ಜರ್ಮನಿ ಬಾಂಬಿನ ಹತ್ತಿರಕ್ಕೂ ಬಂದಿಲ್ಲ ಎಂಬುದು ಖಚಿತವಾಯಿತು. ಭಯ ಹೋಯಿತು, ಕೆಲಸ ನಿಲ್ಲಬೇಕಿತ್ತಲ್ಲವೆ? ಹಾಗೆಂದುಕೊಂಡು ಲಾಸ್ ಅಲಮೋಸ್‌ನಿಂದ ಎದ್ದು ಹೋದವರು ಜೋಸೆಫ್ ರಾಟ್‌ಬ್ಲಾಟ್. ಈ ಕಾರಣಕ್ಕೆ ಕೆಲಸ ಬಿಟ್ಟ ವಿಜ್ಞಾನಿಯೆಂದು ಅವರ ಹೆಸರೊಂದೇ ಇತಿಹಾಸದಲ್ಲಿ ಉಳಿದಿದೆ. 1995ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾದ ಮೇಲೂ ಕೆಲಸ ನಿಲ್ಲಲಿಲ್ಲ, ಇನ್ನಷ್ಟು ಚುರುಕಾಯಿತು. ಜೂನ್‌ನಲ್ಲಿ ಶಿಕಾಗೋದ ಏಳು ವಿಜ್ಞಾನಿಗಳು ಜೇಮ್ಸ್ ಫ್ರಾಂಕ್ ಮುಂದಾಳತ್ವದಲ್ಲಿ ವರದಿ ಕೊಟ್ಟರು: ಊರಿನ ಮೇಲೆ ಹಾಕುವ ಮೊದಲು ಜನವಿಲ್ಲದ ಜಾಗದಲ್ಲಿ ಲೋಕಕ್ಕೆ ತೋರಿಸಿ. ಓಪನ್‌ಹೈಮರ್, ಫರ್ಮಿ ಮೊದಲಾದ ನಾಲ್ವರ ಸಮಿತಿ ಇದನ್ನು ಒಪ್ಪಲಿಲ್ಲ. ಬರೀ ಪ್ರದರ್ಶನದಿಂದ ಯುದ್ಧ ಮುಗಿಯುವ ನಂಬಿಕೆ ತಮಗಿಲ್ಲ ಎಂದಿತು. ಜುಲೈ 17ರಂದು ಜಿಲಾರ್ಡ್ ಮತ್ತೆ ಎಪ್ಪತ್ತು ಜನರ ಸಹಿಯ ಮನವಿ ಸಿದ್ಧಪಡಿಸಿದರು. ಬಾಂಬಿನ ಕೆಲಸಕ್ಕೆ ನಾಂದಿ ಹಾಡಿದವರೇ ಅದನ್ನು ತಡೆಯಲು ಹೊರಟಿದ್ದರು. ಆದರೆ ಅದರ ಹಿಂದಿನ ದಿನವೇ ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಪರೀಕ್ಷೆ ಯಶಸ್ವಿಯಾಗಿತ್ತು.

ಆ ಬೆಳಕು ಕಂಡಾಗ ಓಪನ್‌ಹೈಮರ್ ಅವರಿಗೆ ಭಗವದ್ಗೀತೆಯ ವಿಶ್ವರೂಪ ದರ್ಶನ ನೆನಪಾಯಿತೆಂಬ ಮಾತನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಹೆಮ್ಮೆಪಡುವಂಥದ್ದೇನಿದೆಯೋ ಗೊತ್ತಿಲ್ಲ. ಗೀತೆಗಿಂತ ಮಹಾಭಾರತದ ಸೌಪ್ತಿಕ ಪರ್ವವೇ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಅಲ್ಲಿ ಅರ್ಜುನ ಮತ್ತು ಅಶ್ವತ್ಥಾಮ ಇಬ್ಬರೂ ಮಹಾಸ್ತ್ರ ಬಿಡುತ್ತಾರೆ. ಋಷಿಗಳು ಅಡ್ಡ ಬಂದಾಗ ಅರ್ಜುನ ಹಿಂದಕ್ಕೆ ಪಡೆಯುತ್ತಾನೆ. ಅಶ್ವತ್ಥಾಮನಿಗೆ ಬಿಡಲು ಬರುತ್ತದೆ, ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅದು ಉತ್ತರೆಯ ಗರ್ಭಕ್ಕೆ ಹೋಗಿ ತಾಗುತ್ತದೆ.

ಎರಡು ಊರು

ಹಿರೋಷಿಮಾದಲ್ಲಿ ಬೆಳಿಗ್ಗೆ 8.15. ಬೆಂಗಳೂರಿನಲ್ಲಿ ಆಗಿನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ‘ಎನೋಲಾ ಗೇ’ ವಿಮಾನ ಬಿಟ್ಟ ಬಾಂಬ್ ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಅದರಲ್ಲಿದ್ದ 64 ಕಿಲೋ ಯುರೇನಿಯಂನಲ್ಲಿ ಒಡೆದದ್ದು ಒಂದು ಕಿಲೋಗಿಂತ ಕಡಿಮೆ. ನಿಜವಾಗಿ ಶಕ್ತಿಯಾಗಿ ಮಾರ್ಪಟ್ಟ ದ್ರವ್ಯ ಒಂದು ಗ್ರಾಂ ಕೂಡ ಇರಲಿಲ್ಲ. ಅಷ್ಟಕ್ಕೇ 15,000 ಟನ್ ಸಿಡಿಮದ್ದಿನ ಬಲ. ಶಾಲಾ ಮಕ್ಕಳು ಬೀದಿಯಲ್ಲಿದ್ದರು. ವಾಯುದಾಳಿಯಿಂದ ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಜಾಗ ತೆರವು ಮಾಡುವ ಕೆಲಸಕ್ಕೆ ಅವರನ್ನು ಕರೆತರಲಾಗಿತ್ತು. ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000. ಸತ್ತವರಲ್ಲಿ ದುಡಿಮೆಗೆಂದು ಎಳೆತಂದಿದ್ದ ಕೊರಿಯಾದವರೂ ಸಾವಿರಗಟ್ಟಲೆ ಇದ್ದರು.

ಮೂರು ದಿನಗಳ ನಂತರ ಎರಡನೆಯ ಬಾಂಬ್ ಹೊತ್ತ ವಿಮಾನ ಹೊರಟದ್ದು ಕೊಕುರಾ ಎಂಬ ಊರಿಗೆ. ಅಲ್ಲಿ ಗುರಿ ಕಾಣದಂತೆ ಮಬ್ಬು ಕವಿದಿತ್ತು. ವಿಮಾನ ನಾಗಸಾಕಿಯತ್ತ ತಿರುಗಿತು. ಅಲ್ಲಿ ವರ್ಷಾಂತ್ಯದೊಳಗೆ ಸತ್ತವರು ಸುಮಾರು 74,000. ಮಬ್ಬು ಕವಿದದ್ದರಿಂದ ಒಂದು ಊರು ಉಳಿಯಿತು, ಇನ್ನೊಂದು ಹೋಯಿತು.

ಗಾಯವಿಲ್ಲದೆ ಬದುಕಿದವರೆಂದುಕೊಂಡವರು ಕೆಲವು ವಾರಗಳಲ್ಲಿ ಕೂದಲುದುರಿ, ಒಸಡಿನಲ್ಲಿ ರಕ್ತ ಜಿನುಗಿ ಸಾಯತೊಡಗಿದರು. ತಾಯಿಯ ಗರ್ಭದಲ್ಲಿದ್ದಾಗ ವಿಕಿರಣಕ್ಕೆ ಸಿಕ್ಕ ಹಲವು ಮಕ್ಕಳು ಸಣ್ಣ ತಲೆಯೊಂದಿಗೆ, ಬುದ್ಧಿ ಬೆಳೆಯದೆ ಹುಟ್ಟಿದರು. ಎರಡು ವರ್ಷದ ಮಗುವಾಗಿದ್ದಾಗ ಬಾಂಬಿನಿಂದ ಪಾರಾಗಿದ್ದ ಸಡಾಕೊ ಸಸಾಕಿ ಎಂಬ ಹುಡುಗಿ ಹತ್ತು ವರ್ಷಗಳ ನಂತರ, 1955ರಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಬದುಕುಳಿದವರ ಸಂಘಟನೆ ನಿಹೋನ್ ಹಿಡಾಂಕ್ಯೋಗೆ ನೊಬೆಲ್ ಶಾಂತಿ ಪ್ರಶಸ್ತಿ ಬರಲು 2024ರವರೆಗೆ ಕಾಯಬೇಕಾಯಿತು.

ಬಾಂಬ್ ಹಾಕದಿದ್ದರೆ ಜಪಾನಿನ ಮೇಲೆ ದಂಡೆತ್ತಿ ಹೋಗಬೇಕಿತ್ತು, ಎರಡೂ ಕಡೆ ಲಕ್ಷಾಂತರ ಜನ ಸಾಯುತ್ತಿದ್ದರು ಎಂಬುದು ಅಮೆರಿಕದ ವಾದ. 1947ರಲ್ಲಿ ಮಾಜಿ ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್‌ಸನ್ ಲೇಖನ ಬರೆದು ಅದನ್ನು ಗಟ್ಟಿ ಮಾಡಿದರು. ಆದರೆ ಬಾಂಬ್ ಇಲ್ಲದೆಯೇ ಜಪಾನ್ ಅದೇ ವರ್ಷದೊಳಗೆ ಶರಣಾಗುತ್ತಿತ್ತು ಎಂದು ಹೇಳಿದ್ದು ಬೇರೆ ಯಾರೂ ಅಲ್ಲ, 1946ರ ಅಮೆರಿಕದ ಸರ್ಕಾರಿ ಸಮೀಕ್ಷೆ. ಆಗಸ್ಟ್ 8ರಂದು ರಷ್ಯಾ ಯುದ್ಧ ಸಾರಿದ್ದೇ ಶರಣಾಗತಿಗೆ ದೊಡ್ಡ ಕಾರಣ ಎನ್ನುವ ಇತಿಹಾಸಕಾರರೂ ಇದ್ದಾರೆ. ಬರ್ಮಾದಲ್ಲಿ, ಸಿಂಗಪುರದಲ್ಲಿ ಜಪಾನಿ ಸೈನ್ಯದ ಕೈಗೆ ಸಿಕ್ಕಿ ನರಳಿದವರಿಗೆ ಯುದ್ಧ ಬೇಗ ಮುಗಿದದ್ದೇ ದೊಡ್ಡ ಸಮಾಧಾನವಾಗಿದ್ದಿರಬೇಕು, ಅದನ್ನೂ ಅಲ್ಲಗಳೆಯಲಾಗದು. ಗಾಂಧೀಜಿ 1946ರಲ್ಲಿ ‘ಹರಿಜನ’ದಲ್ಲಿ ಬೇರೆಯೇ ಪ್ರಶ್ನೆ ಎತ್ತಿದರು. ಜಪಾನಿನ ಆತ್ಮ ಸದ್ಯಕ್ಕೆ ನಾಶವಾಗಿದೆ ನಿಜ, ಬಾಂಬ್ ಹಾಕಿದ ದೇಶದ ಆತ್ಮಕ್ಕೆ ಏನಾಗಿದೆ ಎಂಬುದು ಇನ್ನೂ ತಿಳಿಯಬೇಕು ಎಂದರು.

ತಿಪಟೂರಿನ ಪಿಯಾನೋ ವಾದಕ

ಈಗ ಪೀಣ್ಯದ ಹೆದ್ದಾರಿಗೆ ಬರೋಣ. ಆ ದಾರಿಯ ತಿಪಟೂರಿನಲ್ಲಿ 1925ರ ಜನವರಿ 28ರಂದು ರಾಜಾ ರಾಮಣ್ಣ ಹುಟ್ಟಿದರು. ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಇಲಾಖೆಯಲ್ಲಿದ್ದವರು. ಹುಡುಗನಿಗೆ ಪಿಯಾನೋ ಹುಚ್ಚು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಅವರಿಗೆ 1944ರಲ್ಲಿ ಮೈಸೂರಿನಲ್ಲಿ ಭಾಭಾ ಪರಿಚಯವಾದದ್ದೂ ಲಂಡನ್ನಿನ ಸಂಗೀತ ಪರೀಕ್ಷಕರೊಬ್ಬರ ಮೂಲಕ. ಇಬ್ಬರನ್ನೂ ಹತ್ತಿರ ತಂದದ್ದು ಮೊಜಾರ್ಟ್. ಲಂಡನ್ನಿನಲ್ಲಿ ಡಾಕ್ಟರೇಟ್ ಮುಗಿಸಿ 1949ರಲ್ಲಿ ರಾಮಣ್ಣ ಭಾಭಾ ಅವರ ಸಂಸ್ಥೆ ಸೇರಿದರು.

1966ರಲ್ಲಿ ವಿಮಾನ ಅಪಘಾತದಲ್ಲಿ ಭಾಭಾ ತೀರಿಕೊಂಡರು. ಅವರ ನಂತರ ಬಂದ ವಿಕ್ರಂ ಸಾರಾಭಾಯಿ ಅವರಿಗೆ ಬಾಂಬಿನಲ್ಲಿ ಒಲವಿರಲಿಲ್ಲ. 1971ರ ಕೊನೆಯಲ್ಲಿ ಅವರೂ ಹೋದರು. 1972ರಲ್ಲಿ ರಾಮಣ್ಣ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಪ್ಲುಟೋನಿಯಂ ಬಂದದ್ದು ಕೆನಡಾ ನೆರವಿನಿಂದ ಕಟ್ಟಿದ ‘ಸೈರಸ್’ ರಿಯಾಕ್ಟರಿನಿಂದ. ಅದನ್ನು ಕೊಟ್ಟದ್ದು ಶಾಂತಿಯ ಬಳಕೆಗೆಂದು.

ಸ್ಫೋಟಕ್ಕೆ ಮುನ್ನ ಪ್ರಧಾನಿ ಇಂದಿರಾ ಗಾಂಧಿ ಕೆಲವೇ ಜನರ ಸಭೆ ಕರೆದದ್ದನ್ನು ರಾಮಣ್ಣ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ದೇಶದ ಆರ್ಥಿಕ ಸ್ಥಿತಿ ಚೆನ್ನಾಗಿಲ್ಲವೆಂದು ಪಿ.ಎನ್. ಧರ್ ಬಲವಾಗಿ ವಿರೋಧಿಸಿದರು. ಕಾಲ ಪಕ್ವವಾಗಿಲ್ಲವೆಂದರು ಪಿ.ಎನ್. ಹಕ್ಸರ್. ಸಿದ್ಧತೆ ಇಷ್ಟು ಮುಂದುವರಿದ ಮೇಲೆ ಮುಂದೂಡುವುದು ಸಾಧ್ಯವಿಲ್ಲ ಎಂಬುದು ರಾಮಣ್ಣನವರ ನಿಲುವು. ಇಂದಿರಾ ಅವರ ಮಾತನ್ನೇ ಎತ್ತಿಹಿಡಿದರು.

ಮುಂದೂಡಲಾಗದು ಎಂಬ ಈ ಮಾತು ಲಾಸ್ ಅಲಮೋಸ್‌ನ ಮಾತೂ ಹೌದು. ಎರಡೂ ಕಡೆ ಯಾರೂ ದುಷ್ಟರಲ್ಲ. ಓದಿದವರು, ಸಂಗೀತ ಬಲ್ಲವರು, ದೇಶಪ್ರೇಮಿಗಳು. ಕೆಲಸ ಶುರುವಾಗುವಾಗ ನೈತಿಕ ಪ್ರಶ್ನೆ ಕೇಳುವುದು ಅವಸರವೆನಿಸುತ್ತದೆ, ಮುಗಿಯುವಾಗ ತಡವಾಯಿತೆನಿಸುತ್ತದೆ. ಬಾಂಬಿನ ಇತಿಹಾಸದಲ್ಲಿ ನಡುವಿನ ಆ ಹೊತ್ತನ್ನು ಹಿಡಿದವರು ರಾಟ್‌ಬ್ಲಾಟ್ ಅವರಂಥ ಬೆರಳೆಣಿಕೆಯವರು.

1974ರ ಮೇ 18. ಬೆಳಿಗ್ಗೆ 8.05ಕ್ಕೆ ಪೋಖ್ರಾನ್‌ನಲ್ಲಿ ನೆಲದಡಿ 107 ಮೀಟರ್ ಆಳದಲ್ಲಿ ಸ್ಫೋಟ ನಡೆಯಿತು. ಸರ್ಕಾರ ಅದನ್ನು ‘ಶಾಂತಿಯುತ ಪರಮಾಣು ಸ್ಫೋಟ’ ಎಂದು ಕರೆಯಿತು. ಕೆನಡಾ ನಂಬಲಿಲ್ಲ, ನೆರವು ನಿಲ್ಲಿಸಿತು. ಪರಮಾಣು ಸಾಮಗ್ರಿ ಮಾರುವ ದೇಶಗಳು ಸೇರಿ ಭಾರತದಂಥವರಿಗೆ ಬಾಗಿಲು ಹಾಕಲು ಕೂಟ ಕಟ್ಟಿಕೊಂಡವು. ಆ ದಿನ ದೇಶದಲ್ಲಿ ರೈಲ್ವೆ ಮುಷ್ಕರ ನಡೆದಿತ್ತು. ಅದರ ನಾಯಕ, ಮಂಗಳೂರಿನ ಜಾರ್ಜ್ ಫರ್ನಾಂಡಿಸ್, ಬಂಧನದಲ್ಲಿದ್ದರು.

ಇಪ್ಪತ್ತಮೂರು ವರ್ಷಗಳ ನಂತರ, 1997ರ ಅಕ್ಟೋಬರ್‌ನಲ್ಲಿ, ರಾಮಣ್ಣ ತಾವಾಗಿಯೇ ಗುಟ್ಟು ಬಿಟ್ಟುಕೊಟ್ಟರು. ಅದು ಬಾಂಬೇ ಆಗಿತ್ತು, ಬಂದೂಕನ್ನು ಮನುಷ್ಯನತ್ತ ಹಾರಿಸಿದರೂ ನೆಲಕ್ಕೆ ಹಾರಿಸಿದರೂ ಬಂದೂಕು ಬಂದೂಕೇ ಎಂಬರ್ಥದ ಮಾತು ಹೇಳಿದರು. ಬಹಳ ಮಂದಿ ಇದನ್ನು ಪ್ರಾಮಾಣಿಕತೆ ಎಂದು ಮೆಚ್ಚಬಹುದು. ಆದರೆ ಒಂದು ಇಡೀ ತಲೆಮಾರು ‘ಶಾಂತಿಯುತ’ ಎಂಬ ಪದವನ್ನೇ ಪಠ್ಯಪುಸ್ತಕದಲ್ಲಿ ಓದಿ ದೊಡ್ಡದಾಗಿತ್ತು ಎಂಬುದನ್ನೂ ಮರೆಯಲಾಗದು. ಬಾಂಬ್ ಬೇಕೆ ಬೇಡವೆ ಎಂದು ಜನ ಚರ್ಚಿಸಬೇಕಾದರೆ, ಇರುವುದು ಬಾಂಬ್ ಎಂಬುದಾದರೂ ಅವರಿಗೆ ಗೊತ್ತಿರಬೇಕಷ್ಟೆ.

ಏಳು ತಿಂಗಳಲ್ಲಿ, 1998ರ ಮೇ 11 ಮತ್ತು 13ರಂದು, ಪೋಖ್ರಾನ್ ಮತ್ತೆ ನಡುಗಿತು. ಈ ಬಾರಿ ಮರೆಮಾಚುವ ಪದವಿರಲಿಲ್ಲ. ತಿಂಗಳ ಕೊನೆಗೆ ಪಾಕಿಸ್ತಾನವೂ ಸ್ಫೋಟಿಸಿತು. ಆಗ ದೇಶದ ರಕ್ಷಣಾ ಸಚಿವರು ಅದೇ ಜಾರ್ಜ್ ಫರ್ನಾಂಡಿಸ್.

ಬೆಂಗಳೂರಿನ ಬೀದಿಗಳಲ್ಲಿ ಸಿಹಿ ಹಂಚಿದವರಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಅಮೂಲ್ಯ ರೆಡ್ಡಿ ಅವರಂತೆ ನೇರವಾಗಿ ವಿರೋಧಿಸಿದವರೂ ಇದ್ದರು. ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕೆಂದು 1974ರಲ್ಲೇ ‘ಅಸ್ತ್ರ’ ಕೇಂದ್ರ ಕಟ್ಟಿದವರು ಈ ರೆಡ್ಡಿ. ಬಾಂಬ್ ಸ್ಫೋಟಿಸಿದ ವರ್ಷವೇ ‘ಅಸ್ತ್ರ’ ಎಂಬ ಹೆಸರಿನಲ್ಲಿ ಒಲೆ, ಗೋಬರ್ ಗ್ಯಾಸ್‌ಗಳ ಕೆಲಸ ಶುರುವಾದದ್ದು ಕಾಕತಾಳೀಯ, ಆದರೂ ಹೇಳದೆ ಇರಲಾಗುವುದಿಲ್ಲ. ನಾಜಿಗಳ ಆಶ್‌ವಿಟ್ಸ್ ಶಿಬಿರವನ್ನು ನೋಡಿ ಬಂದಿದ್ದ ಅವರನ್ನು ಕಾಡಿದ್ದು ಅಲ್ಲಿನ ಕ್ರೌರ್ಯದಷ್ಟೇ ಅದರ ಹಿಂದಿನ ಅಚ್ಚುಕಟ್ಟಾದ ಎಂಜಿನಿಯರಿಂಗ್. ಮೌಲ್ಯಗಳನ್ನು ಬದಿಗಿಟ್ಟು ಕೊಟ್ಟ ಕೆಲಸವನ್ನು ಚೆನ್ನಾಗಿ ಮಾಡಿ ಮುಗಿಸುವ ಜಾಣರಿಂದಲೇ ಸಾಮೂಹಿಕ ಹತ್ಯೆ ಸಾಧ್ಯವಾಗುತ್ತದೆ, ಅಣ್ವಸ್ತ್ರಕ್ಕೂ ಇದು ಅನ್ವಯಿಸುತ್ತದೆ ಎಂದು ಅವರು ವಾದಿಸಿದರು. ರಾಮಣ್ಣ ಕಟ್ಟಿ ಬೆಳೆಸಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಇರುವುದೂ ಅದೇ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಒಂದೇ ಕಾಂಪೌಂಡಿನೊಳಗೆ ಎರಡು ಉತ್ತರ.

ಬಾಂಬಿನ ಬೆಲೆ ನಮ್ಮ ಕಾರ್ಖಾನೆಗಳಿಗೂ ತಟ್ಟಿತು. ಅಮೆರಿಕ ಪ್ರಕಟಿಸಿದ ನಿರ್ಬಂಧ ಪಟ್ಟಿಯಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಇತ್ತು, ಎಚ್‌ಎಎಲ್ ಇತ್ತು. ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ಹೊರಕಳಿಸಲಾಯಿತು. ಉಳಿದದ್ದನ್ನು ಬೆಂಗಳೂರಿನಲ್ಲೇ ಮಾಡಿ ಮುಗಿಸಿದರು. ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು. ಎಚ್‌ಎಎಲ್ ರನ್‌ವೇಯಿಂದ ಅಂದು ಅದು ಮೇಲೇರಿದಾಗ ನೋಡಿದವರಲ್ಲಿ ಎಷ್ಟು ಜನರಿಗೆ, ಐವತ್ತೇಳು ವರ್ಷಗಳ ಹಿಂದೆ ಅಲ್ಲೇ ಭಾಭಾ ಅವರ ಉಪಕರಣಗಳೂ ಮೇಲೇರಿದ್ದವು ಎಂಬುದು ಗೊತ್ತಿತ್ತೋ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆರಿಕ ನಿರ್ಬಂಧಗಳನ್ನು ಸಡಿಲಿಸಿತು. ರಾಮಣ್ಣ 2004ರ ಸೆಪ್ಟೆಂಬರ್ 24ರಂದು ತೀರಿಕೊಂಡರು.

ನೆಲಕ್ಕೆ ಕಿವಿಗೊಟ್ಟು

ಇನ್ನು ಉಳಿದದ್ದು ಗೌರಿಬಿದನೂರಿನ ದಾರಿ. 1963ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಪರೀಕ್ಷೆ ಮಾಡಬಾರದೆಂಬ ಒಪ್ಪಂದವಾಯಿತು. ನೆಲದಡಿ ಮಾಡಬಾರದು ಎನ್ನಲಿಲ್ಲ. ಕಾರಣ ಸರಳ: ಅಲ್ಲಿ ಮಾಡಿದರೆ ಅದು ಬಾಂಬೋ ಭೂಕಂಪವೋ ಎಂದು ಹೇಳುವುದು ಕಷ್ಟವಾಗಿತ್ತು. ಆ ವ್ಯತ್ಯಾಸ ಹಿಡಿಯಲು ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆ ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಭೂಕಂಪಮಾಪಕಗಳ ಸಾಲು ಹೂಡಿತು. ನಾಲ್ಕನೆಯದು 1965ರಲ್ಲಿ ಗೌರಿಬಿದನೂರಿಗೆ ಬಂತು. ಹಳೆಯ ಗಟ್ಟಿ ಬಂಡೆ, ಅಲುಗಾಟ ಕಡಿಮೆಯಿರುವ ನೆಲ, ಸಮುದ್ರದ ಸದ್ದಿನಿಂದ ದೂರ. ಇಪ್ಪತ್ತು ಮಾಪಕಗಳು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ, ಎರಡು ಉದ್ದ ಸಾಲುಗಳಾಗಿ ಹೊಲ, ಗುಡ್ಡಗಳ ನಡುವೆ ಹರಡಿದವು. ಒಂದೇ ಅಲೆ ಯಾವ ಮಾಪಕಕ್ಕೆ ಮೊದಲು, ಯಾವುದಕ್ಕೆ ಆಮೇಲೆ ತಾಗಿತು ಎಂಬುದರಿಂದ ಅದು ಬಂದ ದಿಕ್ಕು ತಿಳಿಯುತ್ತದೆ. ಭೂಕಂಪದಲ್ಲಿ ಬಂಡೆ ಒಂದರ ಮೇಲೊಂದು ಜಾರುತ್ತದೆ. ಬಾಂಬ್ ಎಲ್ಲ ದಿಕ್ಕಿಗೂ ಒಮ್ಮೆಲೇ ತಳ್ಳುತ್ತದೆ. ಅಲೆಗಳ ಗೆರೆಗಳಲ್ಲಿ ಆ ವ್ಯತ್ಯಾಸ ಕಾಣುತ್ತದೆ.

ಅದನ್ನು ನಡೆಸುತ್ತ ಬಂದದ್ದು ಭಾಭಾ ಪರಮಾಣು ಸಂಶೋಧನಾ ಕೇಂದ್ರ. ಎಂದರೆ, ಪೋಖ್ರಾನ್‌ನ ಬಾಂಬ್ ಮಾಡಿದ ಸಂಸ್ಥೆಯೇ ಬಾಂಬಿಗೆ ಕಿವಿಗೊಟ್ಟು ಕೂತ ಸಂಸ್ಥೆಯೂ ಹೌದು. 1998ರ ಸ್ಫೋಟಗಳ ಬಲ ಎಷ್ಟೆಂದು ಹೊರದೇಶದ ತಜ್ಞರು ಅನುಮಾನಿಸಿದಾಗ, ಅದರ ವಿಜ್ಞಾನಿಗಳು ಭೂಕಂಪನದ ಲೆಕ್ಕ ಮುಂದಿಟ್ಟು 2000ದಲ್ಲಿ ಉತ್ತರ ಬರೆದರು. ಆ ಲೇಖನ ಅಚ್ಚಾದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ.

1996ರಲ್ಲಿ ಸಿದ್ಧವಾದ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 1998ರ ನಂತರ ಪರೀಕ್ಷೆಯನ್ನೂ ಮಾಡಿಲ್ಲ. ತಾನಾಗಿ ಹಾಕಿಕೊಂಡ ತಡೆ ಅದು, ಮೊದಲು ಬಳಸುವುದಿಲ್ಲ ಎಂಬ ಮಾತಿನಂತೆಯೇ. ಪೋಖ್ರಾನ್‌ನಿಂದ ಗೌರಿಬಿದನೂರಿಗೆ ಕಾಗೆ ಹಾರುವ ದೂರ ಸುಮಾರು 1,600 ಕಿಲೋಮೀಟರ್. ಅಲ್ಲಿ ನೆಲ ಅದುರಿದರೆ, ಮೊದಲ ಅಲೆ ಇಲ್ಲಿಯ ಬಂಡೆಗೆ ತಲುಪಲು ಮೂರೂವರೆ ನಿಮಿಷ ಸಾಕು.